‘ಟಪ್’ ಎಂದ ದಿನವೇ ಆಸ್ಪತ್ರೆಗೆ

ಬನಹಟ್ಟಿಯ ನೇಕಾರರೊಬ್ಬರು ಒಮ್ಮೆ ನನ್ನ ದವಾಖಾನೆಗೆ ಬಂದು, ಬಾಗಿಲು ಮುಚ್ಚಿಸಿ ಕೂತರು. ನಾಲ್ಕು ದಿನದ ಹಿಂದೆ ಸಂಭೋಗದ ವೇಳೆ ‘ಟಪ್’ ಎಂದು ಸಪ್ಪಳವಾಗಿ, ನಿಮಿರಿದ್ದ ಶಿಶ್ನ ಒಮ್ಮೆಲೇ ಮೆತ್ತಗಾಗಿತ್ತು. ಬೆಳಗಾಗುವಷ್ಟರಲ್ಲಿ ಬದನೆಕಾಯಿಯಂತೆ ಊದಿ ಕಪ್ಪಾಗಿತ್ತು. “ಹಕೀಮ್ ಸಾಹೇಬ್ರ, ಹಚ್ಚಾಕ ಏನರ ಎಣ್ಣಿ ಇದ್ರ ಕೊಡ್ರಿ” ಎಂದರು.

ಇದಕ್ಕೆ ಎಣ್ಣೆಯಿಲ್ಲ. ನಾನು ಯುನಾನಿ ಓದಿದವನು, ತಿಲಾ, ಮಾಜೂನ್ ಕೊಡುವವನೇ. ಆದರೆ ಈ ಗಾಯಕ್ಕೆ ತಿಲಾ ಹಚ್ಚಿ ತಿಕ್ಕಿದರೆ ಒಳಗಿನ ರಕ್ತಸ್ರಾವ ಹೆಚ್ಚಬಹುದು, ಅಷ್ಟೇ.

ಶಿಶ್ನದಲ್ಲಿ ಮೂಳೆಯಿಲ್ಲ, ಆದರೂ ವೈದ್ಯರು ಇದನ್ನು ಶಿಶ್ನದ ಮುರಿತ ಎನ್ನುತ್ತಾರೆ. ಒಳಗೆ ರಕ್ತ ತುಂಬಿಕೊಳ್ಳುವ ಎರಡು ಕೊಳವೆಯಂಥ ಭಾಗಗಳಿವೆ. ಅವುಗಳ ಸುತ್ತಲಿನ ಗಟ್ಟಿ ಪೊರೆ ಸುಮಾರು 2 ಮಿಲಿಮೀಟರ್ ದಪ್ಪ. ನಿಮಿರಿದಾಗ ಹಿಗ್ಗಿ ಅರ್ಧ ಮಿಲಿಮೀಟರಿಗಿಂತ ತೆಳುವಾಗುವುದುಂಟು. ಆಗ ಜಾರಿ ಎದುರಿನವರ ಮೂಳೆಗೆ ಬಡಿದರೆ, ನಿದ್ದೆಯಲ್ಲಿ ಮಗ್ಗುಲಾದರೆ, ಕೈಯಿಂದ ಬಗ್ಗಿಸಿದರೆ ಪೊರೆ ಹರಿಯಬಹುದು. ಇರಾನಿನ ಕರ್ಮಾನ್‌ಶಾಹ್‌ನಲ್ಲಿ ನಿಮಿರಿಕೆ ಇಳಿಸಲು ಲಟಿಕೆ ಮುರಿದಂತೆ ಬಗ್ಗಿಸುವ ‘ತಕಾಂದನ್’ ಎಂಬ ರೂಢಿಯಿದೆ. ಅಲ್ಲಿನ ಡಾ. ಜರ್ಗೂಶಿ 2000ರಲ್ಲಿ 172 ರೋಗಿಗಳ ವರದಿ ಪ್ರಕಟಿಸಿದರು. ಹೆಚ್ಚಿನವರು ಹೀಗೆ ಬಗ್ಗಿಸಿಯೇ ಗಾಯ ಮಾಡಿಕೊಂಡವರು. ಬೆಳಗ್ಗೆ ಮನೆಮಂದಿಯೆದುರು ಮುಜುಗರವೆಂದು ಬಗ್ಗಿಸುವ ಹುಡುಗರು ನಮ್ಮಲ್ಲೂ ಇದ್ದಾರೆ. ಬೇಡ, ತಾನಾಗಿಯೇ ಇಳಿಯುತ್ತದೆ.

ಚಿಕಿತ್ಸೆ ಶಸ್ತ್ರಕ್ರಿಯೆಯೇ. ಅರಿವಳಿಕೆ ಕೊಟ್ಟು, ಚರ್ಮ ಸರಿಸಿ, ಹೆಪ್ಪುಗಟ್ಟಿದ ರಕ್ತ ತೆಗೆದು, ಹರಿದ ಪೊರೆಯನ್ನು ಕರಗುವ ದಾರದಿಂದ ಹೊಲಿಯುತ್ತಾರೆ. ಮೂತ್ರದ್ವಾರದಲ್ಲಿ ರಕ್ತ ಕಂಡರೆ, ಮೂತ್ರ ಕಟ್ಟಿದರೆ ಮೂತ್ರನಾಳವೂ ಹರಿದಿರಬಹುದು. ಅದನ್ನೂ ಆಗಲೇ ಸರಿಪಡಿಸುತ್ತಾರೆ. 24 ಗಂಟೆಯೊಳಗೆ ಆದರೆ ಒಳ್ಳೆಯದು. ಹಾಗೇ ಬಿಟ್ಟರೆ ಅಂಗ ಡೊಂಕಾಗಬಹುದು, ನಿಮಿರುವ ಶಕ್ತಿಯೇ ಕುಂದಬಹುದು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯವರು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಚೀಟಿ ಬರೆಸಿಕೊಂಡು ಬಾಗಲಕೋಟೆ, ವಿಜಯಪುರ ಅಥವಾ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಅಂದೇ ಹೊರಡಲಿ. ದಾರಿಯಲ್ಲಿ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟುಕೊಳ್ಳಬಹುದು. ಅರಿವಳಿಕೆ ಕೊಡಬೇಕಾಗುವುದರಿಂದ ಏನೂ ತಿನ್ನಬಾರದು.

ಹೊಲಿಗೆಯ ನಂತರ ಸುಮಾರು 6 ವಾರ ಸಂಭೋಗ ಬೇಡ. ಇದನ್ನು ಹೆಂಡತಿಯ ಎದುರಿಗೇ ಹೇಳುವುದು ಒಳ್ಳೆಯದು. ನೋವು ಹೋಯಿತಲ್ಲ ಎಂದು ಮೂರನೇ ವಾರಕ್ಕೇ ಕೂಡಿದರೆ ಹೊಲಿದ ಜಾಗವೇ ಬಿಚ್ಚಬಹುದು. ಪೂರ್ತಿ ಮಾಯ್ದ ಮೇಲೂ, ತಿಂಗಳುಗಳೋ ವರ್ಷಗಳೋ ಕಳೆದು, ಅದೇ ಜಾಗ ಅಥವಾ ಇನ್ನೊಂದು ಬದಿ ಹರಿದ ರೋಗಿಗಳ ದಾಖಲೆಗಳಿವೆ. ಎರಡನೇ ಸಲವೂ ಅದೇ ಚಿಕಿತ್ಸೆ, ಅದೇ ಅವಸರ. ಹಳೆಯ ಗಾಯದ ಗಂಟು ಇರುವುದರಿಂದ ಶಸ್ತ್ರವೈದ್ಯರಿಗೆ ಕೆಲಸ ಕಷ್ಟ. ಮೊದಲಿನ ಕಾಗದಪತ್ರ ಜೊತೆಗೆ ಒಯ್ಯಿರಿ.

ಬನಹಟ್ಟಿಯವರನ್ನು ಅಂದೇ ಕಳಿಸಿದೆ. ನಾಲ್ಕು ದಿನ ತಡವಾಗಿದ್ದರೂ ಹೊಲಿಗೆ ಹಾಕಿದರು. ಈಗ ಸಂಸಾರಕ್ಕೆ ತೊಂದರೆಯಿಲ್ಲ. ಸ್ವಲ್ಪ ಡೊಂಕು ಉಳಿದಿದೆ.