ಮೋಕದ ಬೋರುಗಳೂ ಮೂರು ಕಾಲಿನ ಯಂತ್ರವೂ

ಬಳ್ಳಾರಿಗೆ ಈಶಾನ್ಯದಲ್ಲಿ, ಜನರು ಹಗರಿಯೆಂದು ಕರೆಯುವ ವೇದಾವತಿಯ ಮಗ್ಗುಲಲ್ಲಿರುವ ಮೋಕವು ಎರೆಭೂಮಿಯ ಹೋಬಳಿ. ಹತ್ತಿ, ಜೋಳ, ಮೆಣಸಿನಕಾಯಿಗಳನ್ನು ಬೆಳೆದುಕೊಂಡಿದ್ದ ಈ ಸೀಮೆಗೆ ತುಂಗಭದ್ರೆಯ ಕಾಲುವೆ ಬಂದ ಮೇಲೆ ಭತ್ತವೂ ಬಂದಿತು. ಕಾಲುವೆಯಲ್ಲಿ ನೀರು ಹರಿಯುತ್ತಿರುವಷ್ಟು ಕಾಲ ಯಾರ ಗಮನಕ್ಕೂ ಬಾರದೆ ಶೆಡ್ಡಿನ ಗೋಡೆಗೆ ಒರಗಿಕೊಂಡಿದ್ದು, ನೀರು ನಿಂತು ಬೋರುಗಳ ಮೇಲೆ ಭಾರ ಬಿದ್ದೊಡನೆಯೇ ಹೊಲದಿಂದ ಹೊಲಕ್ಕೆ ಸಂಚಾರ ಹೊರಡುವ ಸಾಧನವೊಂದುಂಟು: ಮೂರು ಉದ್ದನೆಯ ಕಬ್ಬಿಣದ ಕಾಲುಗಳು, ಅವು ಕೂಡುವ ನೆತ್ತಿಯಿಂದ ಇಳಿಬಿದ್ದ ಒಂದು ಚೈನ್ ಬ್ಲಾಕು, ಬುಡದಲ್ಲಿ ಒಂದು ಜೊತೆ ಕ್ಲಾಂಪು. ಸುಟ್ಟುಹೋದ ಮೋಟರನ್ನು ಪಾತಾಳದಿಂದ ಮೇಲೆತ್ತುವುದಕ್ಕೂ ರಿಪೇರಿಯಾದುದನ್ನು ಮತ್ತೆ ಇಳಿಸುವುದಕ್ಕೂ ಇದೇ ಆಧಾರ.

ಭಾರದ ಲೆಕ್ಕವನ್ನು ಮೊದಲು ನೋಡಿಕೊಳ್ಳುವುದು ಒಳ್ಳೆಯದು. ಎರಡು ಇಂಚಿನ ಜಿ.ಐ. ಪೈಪು ಮೀಟರಿಗೆ ಸುಮಾರು 5 ಕಿಲೋ ತೂಗುತ್ತದೆ. ನೂರು ಮೀಟರು ಇಳಿದಿದ್ದರೆ ಪೈಪೊಂದೇ ಐದು ಕ್ವಿಂಟಾಲು. ಪಂಪಿನ ತಲೆಯಲ್ಲಿರುವ ಕವಾಟವು ನೀರನ್ನು ಹಿಂದಕ್ಕೆ ಬಿಡದ ಕಾರಣ, ಪೈಪಿನೊಳಗೆ ನಿಂತ ನೀರೂ ಅದರೊಡನೆಯೇ ಏರಬೇಕಾಗುತ್ತದೆ. ಅದು ಮೀಟರಿಗೆ 2 ಕಿಲೋವಿಗೆ ಮಿಗಿಲು. ಇದಕ್ಕೆ ಪಂಪು, ಮೋಟರು, ಕೇಬಲ್ಲುಗಳನ್ನು ಸೇರಿಸಿದರೆ ಏಳು ಕ್ವಿಂಟಾಲಿಗೆ ಮೀರಿದ ಒಂದು ಕಂಬವು, ಗೇಣಿಗಿಂತ ಹೆಚ್ಚು ಅಗಲವಿಲ್ಲದ ಕಿರುರಂಧ್ರದಲ್ಲಿ, ಯಾರ ಕಣ್ಣಿಗೂ ಕಾಣದಂತೆ ತೂಗಿಕೊಂಡಿದೆಯೆಂದಾಯಿತು. ಹಿಂದಿನ ಕಪಿಲೆಯ ಬಾವಿಯಲ್ಲಿ ಹಗ್ಗ ಹರಿದರೆ ಚರ್ಮದ ಬಾನಿ ನೀರಿಗೆ ಬೀಳುತ್ತಿತ್ತು, ಇಳಿದು ತರಬಹುದಾಗಿತ್ತು. ಬೋರಿನೊಳಕ್ಕೆ ಮನುಷ್ಯನು ಇಳಿಯಲಾರನು. ಆದುದರಿಂದಲೇ ಈ ಕಸುಬಿನ ಸಮಸ್ತ ಬುದ್ಧಿಯೂ ಎತ್ತುವುದಕ್ಕಿಂತ ಕೈಬಿಡದಿರುವುದರಲ್ಲಿ ವ್ಯಯವಾಗಿದೆಯೆಂಬುದು, ಯಂತ್ರದ ಒಂದೊಂದು ಅಂಗವನ್ನು ಬಿಡಿಸಿ ನೋಡಿದವರಿಗೆ ತಿಳಿಯುತ್ತದೆ.

ಚೈನ್ ಬ್ಲಾಕನ್ನೇ ತೆಗೆದುಕೊಳ್ಳೋಣ. ಕೈಸರಪಣಿಯನ್ನು ಐದಾರು ಮಾರು ಎಳೆದರೆ ಕೊಕ್ಕೆಯು ಗೇಣುದ್ದ ಏರುತ್ತದೆ. ಹಲ್ಲುಚಕ್ರಗಳ ಈ ಲಾಭವು ಎಲ್ಲರಿಗೂ ಗೊತ್ತಿರುವುದೇ. ಅಷ್ಟಾಗಿ ಯಾರೂ ಗಮನಿಸದ ಅದ್ಭುತವು ಒಳಗಿನ ಬ್ರೇಕಿನಲ್ಲಿದೆ. ಎಳೆಯುವವನು ಬೀಡಿ ಹಚ್ಚಲೆಂದು ಸರಪಣಿಯನ್ನು ಬಿಟ್ಟುಬಿಟ್ಟರೂ ಭಾರವು ಜಾರದು. ಏಕೆಂದರೆ ಕೆಳಗೆ ಜಗ್ಗುವ ಆ ಭಾರವೇ ಒಳಗಿನ ತಿರುಪನ್ನು ಬಿಗಿಮಾಡಿ ಬಿಲ್ಲೆಗಳನ್ನು ಒಂದಕ್ಕೊಂದು ಒತ್ತಿ ಹಿಡಿಸುತ್ತದೆ. ಏರಿಸುವಾಗ ಕೇಳಿಬರುವ ಟಿಕ್‌ಟಿಕ್ ಸದ್ದು ಹಿಂಚಲನೆಯನ್ನು ತಡೆಯುವ ನಾಲಗೆಯದು. ಭಾರವು ಹೆಚ್ಚಿದಷ್ಟೂ ಹಿಡಿತವೂ ಹೆಚ್ಚುವ ಈ ಯುಕ್ತಿಯನ್ನು ಕಂಡುಹಿಡಿದವನು ಬೀಳುವ ವಸ್ತುಗಳ ಸ್ವಭಾವವನ್ನು ಚೆನ್ನಾಗಿ ಬಲ್ಲವನಾಗಿರಬೇಕು.

ಕ್ಲಾಂಪಿನ ಕೆಲಸವೂ ಇದೇ ಧರ್ಮದ್ದು. ಎರಡು ಹೋಳುಗಳನ್ನು ಪೈಪಿನ ಸುತ್ತ, ಸಾಕೆಟ್ಟಿನ ಕೆಳಗೆ, ಬೋಲ್ಟಿನಿಂದ ಬಿಗಿದರೆ ಇಡೀ ಕಂಬವು ಬೋರಿನ ಹೊರಗೊಳವೆಯಾದ ಕೇಸಿಂಗಿನ ಬಾಯಿಯ ಮೇಲೆ ಕುಳಿತುಕೊಳ್ಳುತ್ತದೆ. ಮೇಲಿನ ಪೈಪನ್ನು ರೇಂಚಿನಿಂದ ತಿರುಗಿಸಿ ಬಿಡಿಸುತ್ತಾರೆ. ಎರಡನೆಯ ಕ್ಲಾಂಪನ್ನು ಕೊಕ್ಕೆಗೆ ಸಿಕ್ಕಿಸಿ ಮುಂದಿನ ಪೈಪನ್ನೆತ್ತುತ್ತಾರೆ. ಕೊಕ್ಕೆ ಹಿಡಿದಿರಬೇಕು, ಇಲ್ಲವೆ ಕೇಸಿಂಗಿನ ಮೇಲಣ ಕ್ಲಾಂಪು ಹಿಡಿದಿರಬೇಕು. ಎರಡೂ ಬಿಟ್ಟಿರುವ ಗಳಿಗೆ ಬರಕೂಡದು. ಬಾಯಿಯ ಹತ್ತಿರ ಕುಳಿತವನು "ಕುಂತೈತಿ, ಬಿಡಣ್ಣ" ಎನ್ನುವವರೆಗೆ ಸರಪಣಿಯವನು ಒಂದು ಕೊಂಡಿಯನ್ನೂ ಸಡಿಲಿಸುವುದಿಲ್ಲ. ಸಾವಿರಾರು ಮೀಟರು ಆಳದ ತೈಲಬಾವಿಗಳಲ್ಲಿಯೂ, ಗೋಪುರದಂಥ ಯಂತ್ರಗಳ ಬುಡದಲ್ಲಿ, ಬೆಣೆಗಳೂ ಎಲಿವೇಟರೆಂಬ ಹಿಡಿಕೆಯೂ ಸರದಿಯಿಂದ ನಡೆಸುವ ವ್ಯವಹಾರವು ಇದೇ.

ಮೋಟರುಗಳಿಗಿಂತ ಮುಂಚೆ ಈ ವಿದ್ಯೆಯನ್ನು ಊರೂರಿಗೆ ಕೊಂಡೊಯ್ದದ್ದು ಕೈಪಂಪು. ಒಂದು ಮನೆಯ ಬಳಕೆಗೆಂದು ಎರಕಹೊಯ್ದ ಪಂಪುಗಳು ಇಡೀ ಊರಿನ ಕೈಗಳನ್ನು ತಾಳಲಾರದೆ ಮುರಿಯುತ್ತಿದ್ದ ಕಾಲದಲ್ಲಿ, ಜಾಲ್ನಾದಲ್ಲಿಯೂ, ಕನ್ನಡದ ನೆಂಟು ಇಂದಿಗೂ ಬಿಡದ ಸೊಲ್ಲಾಪುರದಲ್ಲಿಯೂ ಕ್ರೈಸ್ತ ಸೇವಾಸಂಸ್ಥೆಗಳ ಆಶ್ರಯದಲ್ಲಿ ಗಟ್ಟಿಯಾದ ಉಕ್ಕಿನ ಪಂಪುಗಳು ರೂಪುಗೊಂಡವು. ಆ ಸೊಲ್ಲಾಪುರದ ಪಂಪನ್ನೇ ತಳಹದಿಯಾಗಿಟ್ಟುಕೊಂಡು, ಯುನಿಸೆಫ್‌ನ ನೆರವಿನಿಂದ, 1970ರ ದಶಕದ ಉತ್ತರಾರ್ಧದಲ್ಲಿ ಮದರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಾರ್ಖಾನೆಯಲ್ಲಿ ತಯಾರಾಗತೊಡಗಿದ್ದು ಇಂಡಿಯಾ ಮಾರ್ಕ್ 2. ಇದು ಬಹು ದೃಢವಾದ ಪಂಪು. ಆದರೆ ತಳದ ಸಿಲಿಂಡರಿನಲ್ಲಿರುವ ಒಂದು ಸಣ್ಣ ಚರ್ಮದ ವಾಷರು ಸವೆದರೆ, ಅದನ್ನು ಬದಲಾಯಿಸುವುದಕ್ಕಾಗಿ 3 ಮೀಟರಿನ ಒಂದೊಂದು ಪೈಪನ್ನೂ, ಅದರೊಳಗಿನ ಸರಳನ್ನೂ ಹೊರತೆಗೆಯಲೇಬೇಕು. ಮೂವತ್ತು ಮೀಟರಿನ ಪಂಪಿನಲ್ಲಿ ಪೈಪು, ಸರಳು, ನೀರು ಸೇರಿ ಒಂದೂವರೆ ಕ್ವಿಂಟಾಲು! ಇದಕ್ಕಾಗಿಯೇ ಪಂಪಿನೊಡನೆ ಎತ್ತುವ ಪಾನಾಗಳೂ, ಭಾರಕ್ಕೆ ತಾನೇ ಬಿಗಿದುಕೊಳ್ಳುವ ಕ್ಲಾಂಪೂ ಹುಟ್ಟಿಬಂದವು. ಅವುಗಳನ್ನು ಹೇರಿಕೊಂಡು ರಿಪೇರಿಯ ತಂಡಗಳು ವಾಹನದಲ್ಲಿ ಊರಿಂದೂರಿಗೆ ತಿರುಗಿದವು.

ಈ ಅವಲಂಬನವನ್ನು ತಪ್ಪಿಸಬೇಕೆಂದು, ಕೊಯಮತ್ತೂರಿನ ಸುತ್ತಣ ಹಳ್ಳಿಗಳಲ್ಲಿ 1980ರ ದಶಕದಲ್ಲಿ ನಡೆದ ಪರೀಕ್ಷೆಗಳ ಫಲವಾಗಿ ಮಾರ್ಕ್ 3 ಬಂದಿತು. ಅದರ ಪೈಪು 32 ಮಿಲಿಮೀಟರಿನ ಬದಲಿಗೆ 65 ಮಿಲಿಮೀಟರು. ಪಿಸ್ಟನ್ನು ಪೈಪಿನೊಳಗಿನಿಂದಲೇ ಏರಿಬರುವುದರಿಂದ ಪೈಪನ್ನು ಮುಟ್ಟದೆ ವಾಷರು ಹಾಕಬಹುದು. ಆದರೆ ಪೈಪೇ ಕೆಟ್ಟು ಎತ್ತಬೇಕಾಗಿ ಬಂದ ದಿನ ಭಾರವು ಮೊದಲಿನದಕ್ಕಿಂತ ಎರಡು ಪಟ್ಟಾಗಿರುತ್ತದೆ. ಸುಧಾರಣೆಗಳೆಲ್ಲವೂ ಬಹುಮಟ್ಟಿಗೆ ಹೀಗೆಯೇ. ಕಷ್ಟವನ್ನು ವಿರಳಗೊಳಿಸಿ, ಬಂದಾಗ ಬಲವಾಗಿ ಬರುವಂತೆ ಮಾಡುತ್ತವೆ.

ಈಗ ಅನೇಕ ರೈತರು ಎಚ್‌ಡಿಪಿಇ ಎಂಬ ಕಪ್ಪು ಪೈಪನ್ನು ಜೋಡಣೆಯಿಲ್ಲದೆ ಅಖಂಡವಾಗಿ ಇಳಿಸುತ್ತಾರೆ. ಅದನ್ನೆತ್ತುವಾಗ ಬೋರಿನ ಮೇಲೆ ದೊಡ್ಡ ಗಾಲಿಯೊಂದನ್ನು ನಿಲ್ಲಿಸಿ, ಪೈಪನ್ನು ಅದರ ಮೇಲೆ ಬಗ್ಗಿಸಿ, ಟ್ರ್ಯಾಕ್ಟರಿನಿಂದ ಹೊಲದುದ್ದಕ್ಕೂ ಎಳೆದುಬಿಡುತ್ತಾರೆ. ಕೆಲಸವು ಬೇಗನೆ ಮುಗಿಯುತ್ತದೆ. ಕ್ಲಾಂಪಿನ ಸರದಿಯಿಲ್ಲ, ರೇಂಚಿನ ಶ್ರಮವಿಲ್ಲ. ಆದರೆ ಕೆಸರಿನಲ್ಲಿ ಹೂತು ಅಥವಾ ಕಲ್ಲುಚೂರು ಸಿಕ್ಕಿಕೊಂಡು ಪಂಪು ಕದಲದಿರುವಾಗ, ಟ್ರ್ಯಾಕ್ಟರಿಗೆ ಅದು ತಿಳಿಯುವುದು ಪೈಪು ಕಿತ್ತುಬಂದ ಮೇಲೆ. ಕೈಸರಪಣಿಯನ್ನೆಳೆಯುವವನಿಗಾದರೋ, ಬಿಗಿತದ ವ್ಯತ್ಯಾಸವು ಅಂಗೈಗೆ ಮೊದಲೇ ತಿಳಿಯುತ್ತದೆ; ಅವನು ಸ್ವಲ್ಪ ಬಿಗಿದು, ಕಾದು, ಸಡಿಲಿಸಿ, ಮತ್ತೆ ಬಿಗಿಯುತ್ತಾನೆ. ಕಳಚಿದ ಪೈಪನ್ನು ಹುಡುಕಿ ಹಿಡಿಯಲು ಮೊನಚಾದ ತಿರುಪಿನ ಉಪಕರಣಗಳಿವೆಯಾದರೂ, ಆ ಪ್ರಯತ್ನವು ಕುರುಡನ ಬೇಟೆ.

ಹಿಡಿದಿರುವ ಸರಪಣಿಯ ಬೆಲೆಯನ್ನು ಈ ಸೀಮೆಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಣಿ ತುಂಡಾಗಿ, ಗೇಟು ಕೊಚ್ಚಿಹೋಗಿ, ಕಾಲುವೆಯನ್ನೇ ನೆಚ್ಚಿದ ಊರುಗಳು ಬೆಳೆಯ ಚಿಂತೆಗೆ ಬಿದ್ದವು. ಹರಿವ ನೀರಿನ ನಡುವೆಯೇ ಸ್ಟಾಪ್‌ಲಾಗ್ ಎಂಬ ತಡೆಗಳನ್ನು ಕ್ರೇನುಗಳಿಂದ ಒಂದೊಂದಾಗಿ ಇಳಿಸಿ ಒಂದು ವಾರದೊಳಗೆ ಆ ಕಂಡಿಯನ್ನು ಮುಚ್ಚಿದರು. ಇಳಿಸುವುದು ಎತ್ತುವುದಕ್ಕಿಂತ ಕಠಿಣವಾದ ಕೆಲಸವೆಂಬುದನ್ನು ಆ ವಾರದಲ್ಲಿ ರಾಜ್ಯವೇ ನೋಡಿತು.

ಹೊಲದ ಬೋರಿನಲ್ಲಿಯೂ ಹಾಗೆಯೇ. ಎತ್ತುವಾಗ ಆದ ತಪ್ಪು ಕಣ್ಣಿಗೆ ಕಾಣುತ್ತದೆ; ಇಳಿಸುವಾಗ ಆದದ್ದು ನೀರಿನಡಿಯಲ್ಲಿ ಅಡಗಿಕೊಳ್ಳುತ್ತದೆ. ತಿರುಪು ಸರಿಯಾಗಿ ಕೂರದೆ ಅಡ್ಡ ಹತ್ತಿದ ಸಾಕೆಟ್ಟಾಗಲಿ, ಕೇಸಿಂಗಿನ ಅಂಚಿಗೆ ಉಜ್ಜಿ ಸಿಪ್ಪೆ ಹೋದ ಕೇಬಲ್ಲಾಗಲಿ ಕೆಲವು ದಿನ ಸುಮ್ಮನಿದ್ದು, ಮತ್ತೆ ಅದೇ ತಂಡವನ್ನು ಕರೆಸುತ್ತದೆ. ಆದುದರಿಂದ ಕೇಬಲ್ಲನ್ನು ಪೈಪಿಗೆ ಅಲ್ಲಲ್ಲಿ ಕಟ್ಟುತ್ತ, ಒಬ್ಬನು ಅದನ್ನು ಅಂಚಿನಿಂದ ದೂರ ಹಿಡಿದು ನಿಲ್ಲುತ್ತ, ಸಾವಧಾನವಾಗಿ ಇಳಿಸಬೇಕು. ಮೋಟರು ಅಂಗಡಿಯಿಂದ ಮರಳುವುದು ತಡವಾದರೆ ಬಾಯಿ ತೆರೆದ ಬೋರನ್ನು ಹಾಗೆಯೇ ಬಿಟ್ಟು ಹೋಗತಕ್ಕದ್ದಲ್ಲ. ರಿಪೇರಿಯ ವೇಳೆಯಲ್ಲಿಯೂ ಕೊಳವೆ ಬಾವಿ ಮುಚ್ಚಿರತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ವಿಧಿಸಿದೆ. ಒಂದು ಗೋಣಿಚೀಲವನ್ನೂ ಕಲ್ಲನ್ನೂ ಹೇರಿ ಹೋಗುವವರು ಇನ್ನೂ ಇದ್ದಾರೆ. ಬಲ್ಲ ತಂಡದವರು ಕ್ಲಾಂಪು, ರೇಂಚುಗಳೊಂದಿಗೆ ಬೋಲ್ಟು ಬಿಗಿಯುವ ಕಬ್ಬಿಣದ ಮುಚ್ಚಳವೊಂದನ್ನೂ ಇಟ್ಟುಕೊಂಡೇ ಹೊರಡುತ್ತಾರೆ.