ಎಲೆಕ್ಟ್ರಾನಿಕ್ ಸಿಟಿಗೆ ಮುನ್ನ ಒಂದು ಕಲ್ನಾಡು

ನಾಲ್ಕು ದಿನ ರಜೆ ಸಿಕ್ಕಿತೆಂದರೆ ಎಲೆಕ್ಟ್ರಾನಿಕ್ ಸಿಟಿಯ ನೌಕರರು ಶ್ರೀಲಂಕಾಕ್ಕೋ ಕಾಂಬೋಡಿಯಾಕ್ಕೋ ವಿಮಾನ ಹತ್ತುವುದು ಈಗ ಹೊಸ ಸಂಗತಿಯೇನಲ್ಲ. ತೆಂಗು, ಗದ್ದೆ, ಕೆರೆ, ನಡುವೆ ಸಾವಿರ ವರ್ಷದ ಗುಡಿ. ಯಾರಿಗೆ ತಾನೇ ಬೇಡ? ಕಾಂಬೋಡಿಯಾದ ಪ್ರಸಿದ್ಧ ಬಾಕೋಂಗ್ ದೇಗುಲದಲ್ಲಿ ಶಿವಲಿಂಗ ಪ್ರತಿಷ್ಠೆಯಾದದ್ದು ಕ್ರಿ.ಶ. 881ರಲ್ಲಿ. ಹೆಚ್ಚುಕಡಿಮೆ ಅದೇ ಕಾಲದ, ಅಂದರೆ ಸುಮಾರು 890ರ, ಕನ್ನಡ ಶಾಸನವೊಂದು ಇವರ ಕಚೇರಿಗಳಿಂದ ಹತ್ತು ಕಿಲೋಮೀಟರಿನೊಳಗೆ, ಬೇಗೂರಿನ ಪಂಚಲಿಂಗ ನಾಗೇಶ್ವರ ದೇವಾಲಯದ ಆವರಣದಲ್ಲಿದೆ. ಅಲ್ಲೂ ಪಕ್ಕದಲ್ಲಿ ಕೆರೆಯುಂಟು.

ಶಾಸನ ಬಹಳ ಚಿಕ್ಕದು. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣ ಸತ್ತ ಸುದ್ದಿಯನ್ನು ಅದು ತಿಳಿಸುತ್ತದೆ. ಬೆಂದ ಕಾಳು ತಿಂದ ವೀರಬಲ್ಲಾಳನಿಂದ ಊರಿಗೆ ಈ ಹೆಸರು ಬಂತೆಂಬ ಐತಿಹ್ಯ ಸೊಗಸಾಗಿದೆ, ನಿಜ. ಆದರೆ ಬಲ್ಲಾಳ ಪಟ್ಟವೇರುವ ಮುನ್ನೂರು ವರ್ಷ ಮೊದಲೇ ಹೆಸರು ಕಲ್ಲಿನ ಮೇಲಿತ್ತು!

ಬೇಗೂರಿನದೇ ಇನ್ನೊಂದು ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಆನೆ, ಕುದುರೆ, ಕಾಲಾಳುಗಳು ಒತ್ತೊತ್ತಾಗಿ ತುಂಬಿದ ಅದರ ಯುದ್ಧದೃಶ್ಯಕ್ಕೆ ಸಾಟಿಯಾದದ್ದು ಕಡಿಮೆ. ತುಂಬೆಪಾಡಿ ಎಂಬಲ್ಲಿ ವೀರಮಹೇಂದ್ರನ ಸೇನೆಯನ್ನು ಎದುರಿಸಿದ ನಾಗತ್ತರ ಆನೆಗಳೊಡನೆ ಕಾದಿ ಮಡಿದ. ಸುದ್ದಿ ಕೇಳಿದ ಗಂಗರ ಎರೆಯಪ್ಪ, ಇರುಗ ಎಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ. ಬೆಂಪೂರೆಂದರೆ ಬೇಗೂರು. ಕಲ್ನಾಡೆಂದರೆ ಮಡಿದವನಿಗಾಗಿ ಕಲ್ಲು ನಿಲ್ಲಿಸಿ ಬಿಟ್ಟುಕೊಟ್ಟ ಭೂಮಿ. (ನಾಗತ್ತರ ಎಂಬುದು ಪಟ್ಟದ ಹೆಸರೂ ಆದ್ದರಿಂದ ಎರಡು ಕಲ್ಲುಗಳ ನಾಗತ್ತರರು ಒಬ್ಬರೇ ಎನ್ನಲು ಅವಸರಪಡಬೇಕಿಲ್ಲ.)

ಕೊಟ್ಟ ಹಳ್ಳಿಗಳ ಪಟ್ಟಿಯೂ ಅಲ್ಲಿದೆ. ಬೆಂಪೂರಿನ ಹಿಂದೆಯೇ ಬರುವ ಹೆಸರು ತೊವಗೂರು. ಅದನ್ನು ಇಂದಿನ ತೋಗೂರೆಂದು ಓದಲು ಅಡ್ಡಿಯಿಲ್ಲ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಗೆ ಗುರುತಿಸಿದ 332 ಎಕರೆ ಇದ್ದದ್ದು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನಲ್ಲಿ! ಇಂದು ಚದರಡಿ ಲೆಕ್ಕದಲ್ಲಿ ಮಾರಾಟವಾಗುವ ಸೀಮೆಯನ್ನು ಅಂದು ಒಂದು ಜೀವಕ್ಕೆ ಪ್ರತಿಯಾಗಿ ಕೊಟ್ಟಿದ್ದರು.

ಈ ಭಾಗದ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೇ ಸಂಪುಟದಲ್ಲಿ ಅಚ್ಚು ಮಾಡಿಸಿದರು. ಅಲ್ಲಿ ಓದಸಿಗುವ ಎಷ್ಟೋ ಕಲ್ಲುಗಳು ಈಗ ಜಾಗದಲ್ಲಿಲ್ಲ. ಬಡಾವಣೆ, ರಸ್ತೆಗಳಡಿ ಸೇರಿಹೋಗಿವೆ. ಉಳಿದವನ್ನು ಮಿಥಿಕ್ ಸೊಸೈಟಿ ಈಚೆಗೆ ಮೂರು ಆಯಾಮಗಳ ಡಿಜಿಟಲ್ ರೂಪದಲ್ಲಿ ದಾಖಲಿಸುತ್ತಿದೆ. ಪ್ರತಿ ಉಳಿದೀತು, ಕಲ್ಲನ್ನು ಕಾಯಬೇಕಾದವರು ಬೇಗೂರಿನವರೇ.

ಹೊಸೂರು ರಸ್ತೆಯ ಬೊಮ್ಮನಹಳ್ಳಿಯಿಂದ ಒಳಕ್ಕೆ ತಿರುಗಿದರೆ ಬೇಗೂರು. ಅಕ್ಷರ ಸವೆದಿದೆ. ಬೆಳಗಿನಲ್ಲೋ ಸಂಜೆಯಲ್ಲೋ ಓರೆ ಬಿಸಿಲು ಬಿದ್ದಾಗ ನೋಡಿದರೆ ಚೆನ್ನಾಗಿ ಕಾಣುತ್ತದೆ.