ಸಹಿ ಅಸಲೋ, ಖೊಟ್ಟಿಯೋ?

ಸವದತ್ತಿ ಸೀಮೆಯ ಸಿರಸಂಗಿಯು ಕಾಳಿಕಾದೇವಿಯ ಕ್ಷೇತ್ರವೆಂದು ಹೆಸರಾಗಿರುವಂತೆಯೇ ಒಬ್ಬ ಮಹಾದಾನಿಯ ಊರೆಂದೂ ಹೆಸರಾಗಿದೆ. ಅಲ್ಲಿಯ ದೇಸಾಯಿ ಲಿಂಗರಾಜರು ತಮ್ಮ ಆಸ್ತಿಯನ್ನು ವಿದ್ಯಾಭ್ಯಾಸದ ಕಾರ್ಯಕ್ಕೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟು 1906ರಲ್ಲಿ ಕಾಲವಾದರು. 1933ರಲ್ಲಿ ಬೆಳಗಾವಿಯಲ್ಲಿ ಪ್ರಾರಂಭವಾದ ಕಾಲೇಜು ಅವರ ಹೆಸರನ್ನೇ ಹೊತ್ತುಕೊಂಡಿದೆ. ಒಂದು ಸಹಿಗೆ ಎಷ್ಟು ಶಕ್ತಿಯಿದೆಯೆಂಬುದಕ್ಕೆ ಇದಕ್ಕಿಂತ ಮಿಗಿಲಾದ ಉದಾಹರಣೆ ಬೇಡ. ಬರೆದ ಕೈ ಮಣ್ಣಾದ ಬಳಿಕವೂ ಬರೆದಾತನ ಸಂಕಲ್ಪವನ್ನು ಅದು ನಡೆಸಿಕೊಂಡು ಹೋಗುತ್ತದೆ.

ಆದುದರಿಂದಲೇ ಹಿರಿಯರ ಹಸ್ತಾಕ್ಷರಗಳನ್ನು ಸಂಗ್ರಹಿಸುವ ಹವ್ಯಾಸವು ಎಲ್ಲ ನಾಡುಗಳಲ್ಲಿಯೂ ಬೆಳೆದುಬಂದಿದೆ. ಆದರೆ ಬೆಲೆಯುಳ್ಳ ವಸ್ತುವಿನ ಬೆನ್ನಿಗೇ ಅದರ ನಕಲು ಹುಟ್ಟುವುದು ಲೋಕದ ರೂಢಿ. ಸಹಿಯನ್ನು ಮಾರುವವರಲ್ಲಿ ಪ್ರಾಮಾಣಿಕರಾರು, ವಂಚಕರಾರು ಎಂಬುದನ್ನು ಅರಿಯದೆ ಹಣ ತೆರುವ ಸಂಗ್ರಾಹಕನು ತಾನು ಮೋಸಹೋಗುವುದಲ್ಲದೆ, ಮುಂದಿನವರು ನಂಬುವ ಇತಿಹಾಸದಲ್ಲಿಯೂ ಒಂದು ಸುಳ್ಳನ್ನು ಸೇರಿಸಿದಂತಾಗುತ್ತದೆ.

ಗೆರೆ ಹೇಳುವ ಮಾತು

ಸಹಿ ಮಾಡುವಾಗ ನಾವು ಅಕ್ಷರಗಳನ್ನು ಕುರಿತು ಯೋಚಿಸುವುದಿಲ್ಲ. ಬಹುಕಾಲದ ಅಭ್ಯಾಸದಿಂದ ಕೈ ತಾನಾಗಿ ಓಡುತ್ತದೆ. ಈ ಓಟದಿಂದಾಗಿ ಗೆರೆಯು ಕೆಲವೆಡೆ ತೆಳುವಾಗಿಯೂ ಕೆಲವೆಡೆ ದಪ್ಪನಾಗಿಯೂ ಹರಿದು, ಕೊನೆಯಲ್ಲಿ ಮೊನಚಾಗಿ ಮುಗಿಯುತ್ತದೆ. ನಕಲು ಮಾಡುವವನಾದರೋ ಅಕ್ಷರವನ್ನು ಬರೆಯುವುದಿಲ್ಲ, ಅದರ ಚಿತ್ರ ತೆಗೆಯುತ್ತಾನೆ. ಭೂತಗನ್ನಡಿಯಲ್ಲಿ ನೋಡಿದರೆ ಅವನ ಗೆರೆಯಲ್ಲಿ ಸಣ್ಣ ನಡುಕವೂ, ಅನಾವಶ್ಯಕವಾಗಿ ಲೇಖನಿಯನ್ನೆತ್ತಿ ಮತ್ತೆ ಇಟ್ಟ ಗುರುತೂ, ಮೊಂಡಾದ ತುದಿಯೂ ಕಾಣುವುದುಂಟು. ಮುಪ್ಪಿನ ನಡುಕವು ಬೇರೆ ಬಗೆಯದು. ಅದು ಗೆರೆಯುದ್ದಕ್ಕೂ ಇರುತ್ತದೆಯೇ ಹೊರತು ತಿರುವುಗಳಲ್ಲಿ ಮಾತ್ರ ಕಾಣಿಸಿಕೊಳ್ಳುವುದಿಲ್ಲ.

ಇನ್ನೊಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಒಬ್ಬನೇ ಮನುಷ್ಯನ ಎರಡು ಸಹಿಗಳು ಎಂದಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದರ ಮೇಲೊಂದು ಕೂಡುವುದಿಲ್ಲ. ಹಾಗೆ ಕೂಡಿದರೆ ಅವು ಒಂದೇ ಮೂಲದಿಂದ ತಿದ್ದಿ ತೆಗೆದವು, ಮುದ್ರಿಸಿದವು, ಇಲ್ಲವೆ ಯಂತ್ರದ ಲೇಖನಿಯಿಂದ ಬರೆಯಿಸಿದವು ಎಂದು ಸಂಶಯಿಸಬೇಕು. ಇದಕ್ಕೆ ವಿರುದ್ಧವಾಗಿ, ಅಲ್ಪ ವ್ಯತ್ಯಾಸ ಕಂಡೊಡನೆ ಖೊಟ್ಟಿಯೆನ್ನುವುದೂ ತಪ್ಪು. ಗಾಂಧೀಜಿಯವರು ಬಲಗೈ ದಣಿದಾಗ ಎಡಗೈಯಿಂದಲೂ ಬರೆಯುತ್ತಿದ್ದರು. ಅಂಥವರ ಎರಡು ಅಸಲು ಪತ್ರಗಳೇ ಪರಸ್ಪರ ಹೋಲದಿರಬಹುದು.

ಶಾಯಿ ಹಾಗೂ ಕಾಗದದ ಸಾಕ್ಷ್ಯ

ಕೈಚಳಕದಿಂದ ಕಣ್ಣನ್ನು ಮೋಸಗೊಳಿಸಬಹುದು. ಆದರೆ ಕಾಲವನ್ನು ಮೋಸಗೊಳಿಸುವುದು ಕಷ್ಟ. ದೀಪದ ಕಾಡಿಗೆಯಿಂದ ಮಾಡಿದ ಹಳೆಯ ಮಸಿಯು ಇಂಗಾಲವಾದುದರಿಂದ ಶತಮಾನಗಳ ನಂತರವೂ ಕಪ್ಪಾಗಿಯೇ ಉಳಿಯುತ್ತದೆ. ಮಾಚಿಕಾಯಿ ಮತ್ತು ಅನ್ನಭೇದಿಗಳಿಂದ ಮಾಡಿದ ಶಾಯಿಯು ವರ್ಷಗಳು ಕಳೆದಂತೆ ಕಂದುಬಣ್ಣಕ್ಕೆ ತಿರುಗುತ್ತದೆ. ಕೃತಕ ಬಣ್ಣಗಳು ಹುಟ್ಟಿದ್ದು 1856ರಲ್ಲಿ ಪರ್ಕಿನ್ನನ ಶೋಧದ ತರುವಾಯ. ಬಾಲ್ ಪೆನ್ನು ಅಮೆರಿಕದ ಅಂಗಡಿಗಳಿಗೆ ಬಂದದ್ದು 1945ರಲ್ಲಿ.

1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ಸು ನೆರೆದಿತ್ತು. ಅಲ್ಲಿ ಅವರು ಹಾಕಿಕೊಟ್ಟ ಸಹಿಯೆಂದು ಯಾರಾದರೂ ಒಂದು ಹಾಳೆಯನ್ನು ತಂದರೆ, ಅದು ಬಾಲ್ ಪೆನ್ನಿನದಾಗಿದ್ದಲ್ಲಿ ಮುಂದಿನ ಮಾತೇ ಬೇಡ.

ಕಾಗದಕ್ಕೂ ವಯಸ್ಸಿದೆ. ಬೆಳ್ಳಗೆ ಹೊಳೆಯಲೆಂದು ಕಾಗದದಲ್ಲಿ ಬೆರೆಸುವ ಒಂದು ರಾಸಾಯನಿಕವು 1950ರ ಸುಮಾರಿಗೆ ಬಳಕೆಗೆ ಬಂದಿತು. ನೋಟುಗಳನ್ನು ಪರೀಕ್ಷಿಸುವ ನೇರಿಳಾತೀತ ದೀಪದ ಕೆಳಗೆ ಅಂಥ ಕಾಗದವು ನೀಲಿಯಾಗಿ ಬೆಳಗುತ್ತದೆ. 1924ರದೆಂಬ ಹಾಳೆ ಹೀಗೆ ಬೆಳಗಿದರೆ ಸುಳ್ಳು ಬಯಲಾಯಿತು. ಆದರೆ ಬೆಳಗದಿದ್ದ ಮಾತ್ರಕ್ಕೆ ಅಸಲೆಂದು ತೀರ್ಮಾನಿಸಲಾಗದು. ಹಳೆಯ ಜಮಾಖರ್ಚಿನ ಪುಸ್ತಕದಿಂದ ಖಾಲಿ ಹಾಳೆಯನ್ನು ಹರಿದುಕೊಂಡು ಅದರ ಮೇಲೆ ಬರೆಯುವ ಚತುರರೂ ಇದ್ದಾರೆ.

ನಮ್ಮ ಸೀಮೆಯ ಹಳೆಯ ಕಾಗದಗಳಲ್ಲಿ ಇನ್ನೊಂದು ವಿಶೇಷವಿದೆ. ದೇಸಗತಿಗಳ ಅನೇಕ ದಫ್ತರಗಳು ಮೋಡಿ ಲಿಪಿಯಲ್ಲಿವೆ. ಒಕ್ಕಣೆಯು ಕಾರಕೂನನ ಕೈಯದು. ಒಡೆಯನ ಸಮ್ಮತಿಯನ್ನು ಮುದ್ರೆಯೇ ಸಾರುತ್ತಿತ್ತು. ಆದುದರಿಂದ 1829ರಲ್ಲಿ ಬೈಲಹೊಂಗಲದಲ್ಲಿ ಕೊನೆಯುಸಿರೆಳೆದ ಕಿತ್ತೂರ ರಾಣಿ ಚೆನ್ನಮ್ಮನ ಸಹಿಯೆಂದು ಯಾರಾದರೂ ಒಂದು ಅಂದವಾದ ಕನ್ನಡ ಹಸ್ತಾಕ್ಷರವನ್ನು ಮುಂದಿಟ್ಟರೆ, ಕೈ ಮುಗಿಯುವ ಮೊದಲು ನೂರು ಪ್ರಶ್ನೆ ಕೇಳುವುದು ಲೇಸು.

ತಜ್ಞರೂ ಮೋಸಹೋದ ಪ್ರಸಂಗ

1983ರಲ್ಲಿ ಜರ್ಮನಿಯ ಸ್ಟೆರ್ನ್ ಎಂಬ ಪತ್ರಿಕೆಯು ತಾನು ಲಕ್ಷಾಂತರ ಮಾರ್ಕುಗಳಿಗೆ ಕೊಂಡಿದ್ದ ಸುಮಾರು ಅರವತ್ತು ಪುಸ್ತಕಗಳನ್ನು ಹಿಟ್ಲರನ ದಿನಚರಿಗಳೆಂದು ಸಾರಿತು. ಅಕ್ಷರಗಳನ್ನು ಪರೀಕ್ಷಿಸಿದ ತಜ್ಞರು ಅವು ಹಿಟ್ಲರನವೇ ಎಂದರು. ಆದರೆ ಹೋಲಿಕೆಗೆಂದು ಅವರ ಮುಂದಿಟ್ಟಿದ್ದ ಮಾದರಿಗಳಲ್ಲಿ ಕೆಲವು ಅದೇ ವಂಚಕ ಕುಯಾವುವಿನ ಕೈಕೆಲಸವಾಗಿದ್ದವು! ಕಳ್ಳನ ಮಾತಿಗೆ ಕಳ್ಳನೇ ಸಾಕ್ಷಿಯಾದಂತಾಯಿತು. ಕೊನೆಗೆ ಸರಕಾರಿ ಪ್ರಯೋಗಾಲಯವು ಆ ಕಾಗದದಲ್ಲಿ ಯುದ್ಧಾನಂತರದ ಬಿಳುಪುಕಾರಕವನ್ನು ಕಂಡುಹಿಡಿದಾಗ ನಾಟಕಕ್ಕೆ ತೆರೆಬಿದ್ದಿತು. ಕುಯಾವು ಸೆರೆಮನೆ ಸೇರಿದನು.

ಈ ಪ್ರಸಂಗದಿಂದ ಕಲಿಯಬೇಕಾದ ಪಾಠವು ಸ್ಪಷ್ಟವಾಗಿದೆ. ಮಾರುವವನು ಒದಗಿಸಿದ ಮಾದರಿಯೊಡನೆ ಹೋಲಿಸಿ ನೋಡುವುದು ಪರೀಕ್ಷೆಯೇ ಅಲ್ಲ. ಮಾದರಿಯು ಪತ್ರಾಗಾರದಿಂದಲೋ, ಮೂಲಪತ್ರಗಳ ಚಿತ್ರಗಳನ್ನು ಪ್ರಕಟಿಸಿದ ಗ್ರಂಥದಿಂದಲೋ ದೊರೆತುದಾಗಿರಬೇಕು.

ವ್ಯಾಪಾರಿಯನ್ನು ಅಳೆಯುವ ಬಗೆ

ಮೇಲೆ ಹೇಳಿದ ಪರೀಕ್ಷೆಗಳೆಲ್ಲವೂ ಸಾಮಾನ್ಯ ಸಂಗ್ರಾಹಕನ ಕೈಗೆ ಎಟುಕುವಂಥವಲ್ಲ. ಆದುದರಿಂದ ಸಹಿಯನ್ನು ನೋಡುವ ಮೊದಲು ಮಾರುವವನನ್ನು ನೋಡಬೇಕು. ಅವನಿಗೆ ಕೇಳಬೇಕಾದ ಮೊದಲ ಪ್ರಶ್ನೆ, ಇದು ನಿಮ್ಮ ಕೈಗೆ ಎಲ್ಲಿಂದ ಬಂದಿತು ಎಂಬುದು. ಯಾರಿಗೆ ಬರೆದ ಪತ್ರ, ಯಾವ ಮನೆಯಲ್ಲಿತ್ತು, ಯಾವಾಗ ಕೈ ಬದಲಾಯಿಸಿತು ಎಂಬ ಸರಪಳಿಯನ್ನು ಪ್ರಾಮಾಣಿಕನು ತನಗೆ ತಿಳಿದಷ್ಟನ್ನು ಹೇಳಿ, ತಿಳಿಯದುದನ್ನು ತಿಳಿಯದೆಂದೇ ಒಪ್ಪುತ್ತಾನೆ. ವಂಚಕನಲ್ಲಿಯಾದರೋ ಹೃದಯಂಗಮವಾದ ಕಥೆಯಿರುತ್ತದೆ. ಕಾಗದದ ಆಧಾರ ಒಂದೂ ಇರುವುದಿಲ್ಲ.

ಎರಡನೆಯದು ಪಾವತಿ. ವಸ್ತುವಿನ ವರ್ಣನೆ, ಬೆಲೆ, ತಾರೀಖು, ಮಾರಿದವನ ಹೆಸರು ವಿಳಾಸಗಳೊಡನೆ, ಖೊಟ್ಟಿಯೆಂದು ಸಿದ್ಧವಾದಲ್ಲಿ ಪೂರ್ಣ ಹಣವನ್ನು ಮರಳಿಸುವ ಒಪ್ಪಿಗೆಯೂ ಅದರಲ್ಲಿರಬೇಕು. ಅಂದವಾಗಿ ಮುದ್ರಿಸಿದ ಪ್ರಮಾಣಪತ್ರಕ್ಕೆ ಮರುಳಾಗಬಾರದು. ಸಹಿಯನ್ನೇ ಸೃಷ್ಟಿಸಬಲ್ಲವನಿಗೆ ಪ್ರಮಾಣಪತ್ರವೇನು ದೊಡ್ಡದು?

ಮೂರನೆಯದು ಸಮಯ. ನಾಲ್ಕು ದಿನ ತಡೆಯಿರಿ, ಬಲ್ಲವರಿಗೆ ಮೂಲವನ್ನು ತೋರಿಸುತ್ತೇನೆ ಎಂದಾಗ ಒಪ್ಪುವವನನ್ನು ನಂಬಬಹುದು. ಸಂಜೆಯೊಳಗೆ ಹಣ ಕಳುಹಿಸಿ, ಬೇರೆ ಗಿರಾಕಿ ಕಾದಿದ್ದಾನೆ ಎನ್ನುವವನಿಂದ ದೂರವಿರುವುದೇ ಮೇಲು. ಫೋನಿನಲ್ಲಿ ಬಂದ ಚಿತ್ರವೊಂದನ್ನೇ ನೋಡಿ ಕೊಳ್ಳುವುದಂತೂ ಕಣ್ಣು ಕಟ್ಟಿಕೊಂಡು ಎತ್ತು ಕೊಂಡಂತೆ. ಗಾಂಧಿ, ಠಾಕೂರ, ಸುಭಾಷಚಂದ್ರ ಇವರೆಲ್ಲರ ಸಹಿಗಳೂ ಒಬ್ಬನಲ್ಲಿಯೇ, ಒಂದೇ ಬಗೆಯ ಹಾಳೆಯ ಮೇಲೆ, ಅಗ್ಗದ ಬೆಲೆಗೆ ದೊರೆತರೆ ಅದು ಭಾಗ್ಯವಲ್ಲ, ಬಲೆ.

ನಾಲ್ಕನೆಯದು ಕಾಯಿದೆ. ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ, 75 ವರ್ಷಗಳಿಗೆ ಕಡಿಮೆಯಿಲ್ಲದ ಹಸ್ತಪ್ರತಿ ದಾಖಲೆಗಳು 1972ರ ಕಾಯಿದೆಯ ಮೇರೆಗೆ ಪ್ರಾಚೀನ ವಸ್ತುಗಳೆನಿಸುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಿಗೆ ಬೇಕು. ಖಾಸಗಿಯವರು ಅವನ್ನು ಪರದೇಶಕ್ಕೆ ಸಾಗಿಸುವಂತಿಲ್ಲ. ಪರವಾನಿಗೆಯನ್ನು ತೋರಿಸಲು ಸಂಕೋಚಪಡುವ ವ್ಯಾಪಾರಿಯ ಅಂಗಡಿಯ ಮೆಟ್ಟಿಲನ್ನು ಹತ್ತದಿರುವುದು ಒಳ್ಳೆಯದು.

ಮನೆಯಲ್ಲಿ ಹಳೆಯ ಕಾಗದಗಳಿರುವವರಿಗೂ ಒಂದು ಮಾತು. ಸಹಿಯಷ್ಟನ್ನೇ ಕತ್ತರಿಸಿ ಕೊಡಿರೆಂದು ಕೇಳುವ ಗಿರಾಕಿಗೆ ಎಂದೂ ಒಪ್ಪಬೇಡಿರಿ. ಪತ್ರದ ಒಕ್ಕಣೆ, ತಾರೀಖು, ಲಕೋಟೆಯ ಮೇಲಣ ಟಪಾಲು ಮುದ್ರೆ ಇವೇ ಸಹಿಯ ಸತ್ಯಕ್ಕೆ ಸಾಕ್ಷಿಗಳು. ಕತ್ತರಿಯು ಆ ಸಾಕ್ಷಿಗಳನ್ನು ಕೊಲ್ಲುತ್ತದೆ. ಮಾರುವ ಮೊದಲು ಪತ್ರಾಗಾರದವರಿಗಾಗಲಿ ವಿಶ್ವವಿದ್ಯಾಲಯದ ವಿದ್ವಾಂಸರಿಗಾಗಲಿ ತೋರಿಸಿದರೆ, ದಫ್ತರದ ಗಂಟಿನಲ್ಲಿ ಏನಿದೆಯೆಂಬುದಾದರೂ ಮೊದಲು ಮನೆಯವರಿಗೆ ತಿಳಿದೀತು.

ಲಿಂಗರಾಜರ ಸಹಿಗೆ ಬೆಲೆ ಬಂದದ್ದು ಅದರ ಹಿಂದೆ ಕೊಟ್ಟ ಮಾತನ್ನು ನಡೆಸುವ ಮನುಷ್ಯನಿದ್ದುದರಿಂದ. ಸಹಿಯನ್ನು ಮಾರಲು ಬಂದವನಲ್ಲಿಯೂ ನಾವು ಹುಡುಕಬೇಕಾದುದು ಅದನ್ನೇ. ತನ್ನ ಮಾತಿನ ಕೆಳಗೆ ತಾನೇ ರುಜು ಹಾಕಲು ಹಿಂಜರಿಯುವವನು ತಂದ ಇನ್ನೊಬ್ಬರ ರುಜುವನ್ನು ನಂಬಲಾದೀತೇ?